ಕೂಸು ತೂಗುವ ಕಾಟಾ

ಬಸವಕಲ್ಯಾಣದಲ್ಲಿ ನಮ್ಮದು ತಕ್ಕಡಿ, ಕಾಟಾ ರಿಪೇರಿ ಮಾಡುವ ಅಂಗಡಿ. ಸ್ಪ್ರಿಂಗ್ ಬಿಚ್ಚುವುದಕ್ಕೂ ಮೊದಲು ಅಪ್ಪ ನನಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿದ. ‘ಗಿರಾಕಿ ಮುಂದ ಕಾಟಾ ತಪ್ಪು ಅದ ಅನಬ್ಯಾಡ. ಸಾವಕಾರನ ಮಾನ ಹೋಗ್ತದ, ನಮ್ಮ ಕೂಲಿನೂ ಹೋಗ್ತದ. ಸುಮ್ಮ ಸರಿ ಮಾಡಿ ಎದ್ದು ಬಾ’ ಎನ್ನುತ್ತಿದ್ದ. ಬಜಾರಿನಲ್ಲಿ ಅದು ಜಾಣತನವೇ. ಅದನ್ನು ಆಸ್ಪತ್ರೆಗೂ ಹೊತ್ತುಕೊಂಡು ಹೋದ ಮೂರ್ಖ ನಾನು.

ಎಪ್ಪತ್ತರ ದಶಕದಲ್ಲಿ ಹುಮನಾಬಾದಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಕಾಟಾಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ. ವರ್ಷಕ್ಕೊಮ್ಮೆ ತೂಕದ ಕಲ್ಲುಗಳ ಚೀಲ ಹೊತ್ತು ಬಸ್ಸು ಹತ್ತುವುದು. ಕಂಡಕ್ಟರ್ ಚೀಲಕ್ಕೂ ಟಿಕೀಟು ಕೇಳಿದರೆ ಬಸ್ಸೇ ನಿಲ್ಲುವಂಥ ಜಗಳ ತೆಗೆಯುತ್ತಿದ್ದೆ. ನಾನೇನು ಬಾಯಿಸತ್ತವನಲ್ಲ.

ಒಂದು ವರ್ಷ ಕೂಸು ತೂಗುವ ಕಾಟಾದ ಸ್ಪ್ರಿಂಗ್ ಸಡಿಲಾಗಿತ್ತು. ಖಾಲಿ ಇದ್ದಾಗ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಕಲ್ಲು ಇಟ್ಟು ನೋಡಿದರೆ ಅರ್ಧ ಕಿಲೋದಷ್ಟು ಹೆಚ್ಚು ತೋರಿಸುತ್ತಿತ್ತು. ಬೇರೆ ಸ್ಪ್ರಿಂಗ್ ಹಾಕುತ್ತ ಕೂತೆ. ಬಾಗಿಲ ಬಳಿ ಕೊಡಂಬಲದಿಂದ ಬಂದ ಅತ್ತೆ, ಸೊಸೆ ಕಾಯುತ್ತಿದ್ದರು. ಸೊಸೆಯ ಮಡಿಲಲ್ಲಿ ಚೊಚ್ಚಲ ಕೂಸು.

‘ಕಾಟಾ ಕೆಟ್ಟದೇನ್ರಿ ಅಣ್ಣಾ?’ ಎಂದಳು ಅವಳು.

‘ಏನೂ ಆಗಿಲ್ಲ ತಂಗಿ. ಧೂಳ ಕೂತಿತ್ತು, ಸಾಫ್ ಮಾಡಾಕತ್ತೇನಿ’ ಎಂದೆ. ನರ್ಸಬಾಯಿಗೂ ಅದನ್ನೇ ಹೇಳಿದೆ.

ಕಣದಲ್ಲಿ ಜೋಳ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಅನ್ನದೆ ‘ಲಾಭ’ ಅನ್ನುವುದು ನಮ್ಮ ಕಡೆಯ ವಾಡಿಕೆ. ಕಾಟಾ ಸರಿಯಾದ ಮೇಲೆ ಕೂಸನ್ನು ಅದರ ತಟ್ಟೆಯಲ್ಲಿ ಮಲಗಿಸುವಾಗ ಅತ್ತೆಯೂ ‘ಲಾಭ’ ಅಂದಳು. ಮುಳ್ಳು ಓಲಾಡಿ ನಿಂತಿತು. ನರ್ಸಬಾಯಿ ಹಿಂದಿನ ತೂಕದ ಚೀಟಿ ನೋಡಿ ಹುಬ್ಬು ಗಂಟಿಕ್ಕಿದಳು. ‘ಹದಿನೈದು ದಿನದಾಗ ಕೂಸು ಇಳದದಲ್ಲವ್ವ!’

ಅತ್ತೆ ಸೊಸೆಯ ಕಡೆ ತಿರುಗಿದಳು. ‘ನಾ ಅಂದಿದ್ದಿಲ್ಲೇನು? ನಿನ್ನ ಹಾಲಿನ್ಯಾಗ ದಮ್ ಇಲ್ಲ. ನಾಳಿಂದ ಬಾಟ್ಲಿ ಹಾಲೇ.’ ಸೊಸೆ ಸೆರಗು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿದಳು.

ಹಿಂದಿನ ಚೀಟಿಯಲ್ಲಿದ್ದದ್ದು ಕೆಟ್ಟ ಕಾಟಾದ ಹೆಚ್ಚಿನ ತೂಕ. ಕೂಸು ಇಳಿದಿರಲಿಲ್ಲ, ಏರಿತ್ತು. ಅದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಒಂದೇ ಮಾತು ಸಾಕಿತ್ತು. ಆದರೆ ಈಗಷ್ಟೇ ಧೂಳು ಎಂದವನು ಸ್ಪ್ರಿಂಗ್ ಎನ್ನುವುದು ಹೇಗೆ? ನಾಚಿಕೆಯಾಯಿತು. ಡಾಕ್ಟರಮ್ಮ ಬಂದು ಕೇಳಿದರೆ ಹೇಳೋಣ ಎಂದುಕೊಂಡೆ, ಅವರು ಬರುವ ಮೊದಲೇ ಚೀಲ ಕಟ್ಟಿದೆ. ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೂ ಟಿಕೀಟು ಕೇಳಿದ. ತುಟಿ ಬಿಚ್ಚದೆ ತೆಗೆದುಕೊಂಡೆ.

ಮರುವರ್ಷ ಹೋದಾಗ ಅವರ ವಿಷಯ ಕೇಳುವ ಧೈರ್ಯವಾಗಲಿಲ್ಲ. ಅದರ ಮುಂದಿನ ವರ್ಷ ಆ ಸೊಸೆಯೇ ನನ್ನ ಗುರುತು ಹಿಡಿದಳು. ಮೊದಲ ಮಗ ಸೆರಗು ಹಿಡಿದು ನಿಂತಿದ್ದ. ದೇವರು ದೊಡ್ಡವನು, ಅವನು ಬದುಕಿಕೊಂಡಿದ್ದ. ಮಡಿಲಲ್ಲಿ ಎರಡನೆಯ ಕೂಸು, ಕೈಕಾಲು ಕಡ್ಡಿಯಾಗಿದ್ದವು. ಅದರ ಬಾಯಿಗೆ ಬಾಟ್ಲಿ, ಬಾಟ್ಲಿಯಲ್ಲಿ ನೀರಿನಂಥ ಹಾಲು.

‘ಅವತ್ತ ನಿಮ್ಮ ಕಾಟಾ ಖರೇ ತೋರಿಸ್ತು, ಚಲೋ ಆಯ್ತ್ರಿ ಅಣ್ಣಾ’ ಎಂದಳು. ‘ಈ ಸಲ ಒಂದ ದಿನಾನೂ ಎದಿಗೆ ಹಾಕಿಲ್ಲ. ದಮ್ ಇಲ್ಲದ ಹಾಲು ಯಾಕ ಕುಡಿಸಬೇಕ್ರಿ?’

ಅಪ್ಪನ ಪಾಠ ಅಂದೇ ಮುಗಿಯಿತು.

‘ತಂಗಿ, ತಪ್ಪು ನಂದು’ ಎಂದೆ. ‘ಅವತ್ತ ನಿನ್ನ ಕೂಸು ಇಳದಿದ್ದಿಲ್ಲ. ಕಾಟಾ ಮೊದಲಿನಿಂದ ಹೆಚ್ಚು ತೋರಸ್ತಿತ್ತು, ಅವತ್ತೇ ನಾ ಅದನ್ನ ಸರಿ ಮಾಡಿದ್ದೆ. ನಿನ್ನ ಹಾಲು ಚಲೋನೇ ಇದ್ದವು.’

ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೂಸಿನ ಬಾಯಿಂದ ಬಾಟ್ಲಿಯನ್ನು ಮೆಲ್ಲಗೆ ತೆಗೆದು ನನ್ನ ಮುಖ ನೋಡಿದಳು.

‘ಈಗ ಎದಿಗೆ ಹಚ್ಚಿಕೊಂಡ್ರ ಹಾಲು ಬರ್ತಾವೇನ್ರಿ ಅಣ್ಣಾ?’