ಬೇರೆ ಸಂಸಾರ ಹೂಡಿದ ಲೈಬ್ರರಿ
ಅಮೆರಿಕದ ಡುಲೂತ್ ಊರಿನ ಶಾಲಾ ಬಸ್ಸುಗಳ ಕಚೇರಿಗೆ ಪ್ರೋಗ್ರಾಂ ಬರೆದುಕೊಡುವ ಎವರೆಟ್ ಟ್ಯಾಂಗನ್ನರಿಗೆ ಬೇರೆ ಹೋದವರ ಮೇಲೆಲ್ಲ ಗುಮಾನಿ. ಪರದೆಯ ಮೇಲೆ ನಕ್ಷೆ, ಗುಂಡಿಗಳನ್ನು ಮೂಡಿಸುವ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಹಿಂದೆ ಅವರು ಪ್ರೋಗ್ರಾಂ ಬರೆಯುವ ಜಾವಾ ಭಾಷೆಯ ಜೊತೆ ಒಂದೇ ಪೊಟ್ಟಣದಲ್ಲಿ ಬರುತ್ತಿತ್ತು. ಈಗ ಅದು ಬೇರೆ ಸಂಸಾರ ಹೂಡಿದೆ, ನಾವೇ ಹೋಗಿ ಕರೆತರಬೇಕು. “ಜಗಳ ಆಗ್ದೆ ಯಾರಾದ್ರೂ ಮನೆ ಬಿಡ್ತಾರೇನ್ರೀ? ಏನೋ ಮುಚ್ಚಿಡ್ತಿದಾರೆ,” ಎನ್ನುತ್ತ ಅವರು ಸ್ವಂತ ಫ್ಲಾಸ್ಕಿನ ಕಾಫಿಯನ್ನೂ ಮೂಸಿ ನೋಡಿಯೇ ಕುಡಿಯುತ್ತಾರೆ. ಮಧ್ಯಾಹ್ನದ ಊಟಕ್ಕೆ ಮಾಂಸ, ತರಕಾರಿ ಒಟ್ಟಿಗೆ ಬೇಯಿಸಿದ ಹಾಟ್‌ಡಿಶ್‌ನ ಆಲೂಗಡ್ಡೆ ಬೇರೆ ಡಬ್ಬಿಯಲ್ಲಿ ಬಂದಿದ್ದರೆ, ಮುಟ್ಟುವ ಮೊದಲು ಹೆಂಡತಿಗೆ ಫೋನ್ ಮಾಡಿ ಕಾರಣ ಕೇಳುತ್ತಾರೆ. ಜೊತೆಯವರು “ನನ್ನ ಮಷೀನಲ್ಲಿ ಚೆನ್ನಾಗೇ ಓಡ್ತಿದೆಯಲ್ಲ” ಎಂದರೆ, “ನಿನ್ನ ಮಷೀನು ಬಸ್ಸು ಬಿಡುತ್ತೇನಯ್ಯಾ?” ಎಂದು ಗದರುತ್ತಾರೆ. ಕಚೇರಿಯಲ್ಲಿ ಕೂತು ಪರದೆ ನೋಡಿ ಬಸ್ಸು ಬಿಡುವ ಮಾರ್ವಾ, “ಏನ್ರೀ ಎವರೆಟ್, ಇವತ್ತಿನ ಕಳ್ಳ ಯಾರು?” ಎಂದು ಕೆಣಕಿದರೆ ಮಾತ್ರ ಫ್ಲಾಸ್ಕಿನ ಮುಚ್ಚಳ ಬಿಗಿಮಾಡುತ್ತ ಪರದೆಯ ಕಡೆ ತಿರುಗಿಬಿಡುತ್ತಾರೆ. ಒಂದು ಜನವರಿಯ ಬೆಳಗ್ಗೆ, ಟ್ಯಾಂಗನ್ನರ ಮಷೀನಿನಲ್ಲಿ ಸೊಗಸಾಗಿ ಓಡಿದ ಪ್ರೋಗ್ರಾಂ ಮಾರ್ವಾಳ ಮಷೀನಿನಲ್ಲಿ ತೆರೆಯಲೇ ಇಲ್ಲ. ಆ ಲೈಬ್ರರಿಯನ್ನು ಜೊತೆಗೆ ಕಟ್ಟಿ ಕಳಿಸಲು ಅವರೇ ಮರೆತಿದ್ದರು. ಬಸ್ಸುಗಳು ತಡವಾದವು, ಮಕ್ಕಳು ಹಿಮದಲ್ಲಿ ನಿಂತು ನಡುಗಿದರು. ಅಂದಿನಿಂದ ಮಾರ್ವಾ ಬರುವ ಮೊದಲೇ ಅವರು ಕೋಟು ಕೂಡ ಬಿಚ್ಚದೆ ಅವಳ ಜಾಗದಲ್ಲಿ ಕೂತು ಪ್ರೋಗ್ರಾಂ ತೆರೆಯುತ್ತಾರೆ; ನಕ್ಷೆ ಮೂಡಿ, ಕೊನೆಯ ಬಸ್ಸಿನ ಚುಕ್ಕೆಯೂ ಹೊತ್ತಿಕೊಂಡ ಮೇಲೆ, ಎಲ್ಲವನ್ನೂ ಮುಚ್ಚಿ, ಕುರ್ಚಿಯನ್ನು ಅವಳ ಎತ್ತರಕ್ಕೆ ಸರಿಮಾಡಿ, ಕಳ್ಳನ ಹಾಗೆ ಎದ್ದುಹೋಗುತ್ತಾರೆ. ಅವಳು ಬಂದು ಕೂತಾಗ ಕುರ್ಚಿ ಇನ್ನೂ ಬೆಚ್ಚಗಿರುತ್ತದೆ.