ಕಥೆ ಮುಗಿಯುವವರೆಗೆ ಕಂಬಿ ಮುಟ್ಟಬಾರದು

ತಿರುವನಂತಪುರಕ್ಕೆ ವರ್ಗವಾಗಿ ಬಂದ ಮೇಲೆ ನನ್ನ ತೋಳುಗಳು ಬೇಗ ಸೋಲತೊಡಗಿದವು. ಚಾಲೈ ಬಜಾರಿನಲ್ಲಿ, ಒಣಮೆಣಸಿನಕಾಯಿ ಮಂಡಿಯ ಮೇಲಿನ ಮಹಡಿಯ ಜಿಮ್ಮಿಗೆ ಹೋಗುತ್ತೇನೆ. ಬೆಂಚಿನ ಮೇಲೆ ಮಲಗಿ ಎದೆಯ ಮೇಲಿಂದ ಕಂಬಿ ಎತ್ತುವುದು, ಆಮೇಲೆ ಭುಜ, ಆಮೇಲೆ ಬೆನ್ನು. ಎದೆಯದು ಮುಗಿಯುವಷ್ಟರಲ್ಲೇ ಕಂಬಿ ಅರ್ಧಕ್ಕೇ ನಿಲ್ಲುತ್ತಿತ್ತು. "ಚೇಟ್ಟಾ, ಪತುಕ್ಕೆ, ಪತುಕ್ಕೆ," ಎಂದು ಟ್ರೈನರ್ ಅಂಗೈ ಕೆಳಗಿಳಿಸಿ ತೋರಿಸುತ್ತಿದ್ದ. ನಿಧಾನ ಮಾಡಬೇಕೆಂದು ನನಗೂ ಗೊತ್ತಿತ್ತು. ಆದರೆ ಒಂದು ಸೆಟ್ಟಿಗೂ ಇನ್ನೊಂದಕ್ಕೂ ನಡುವೆ ಸುಮ್ಮನೆ ಕೂರುವುದು ನನ್ನ ಕೈಲಾಗುತ್ತಿರಲಿಲ್ಲ. ಕೂತರೆ ಸತ್ತ ಗೆಳೆಯನ ದನಿ ಕೇಳುತ್ತಿತ್ತು.

ಅವನು ಗದಗಿನ ಕಡೆಯವನು. ಕೊಚ್ಚಿಯಲ್ಲಿ, ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದೇ ಕಚೇರಿಯಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ಸಂಜೆ ಪಾಲಾರಿವಟ್ಟಂನ ಜಿಮ್ಮಿಗೂ ಜೊತೆಯಲ್ಲೇ. ಮೈಸೂರಿನವರು ನಿಧಾನಸ್ಥರು ಎನ್ನುವವರು ನನ್ನನ್ನು ನೋಡಿಲ್ಲ. ಬೆವರು ಒರೆಸಿಕೊಳ್ಳುವ ಮೊದಲೇ ಮತ್ತೆ ಕಂಬಿಗೆ ಕೈ ಹಾಕುತ್ತಿದ್ದೆ. ಮೊದಲ ದಿನವೇ ಅವನು ಅಡ್ಡ ಬಂದು ನಿಂತ.

"ಯಾಕಲೇ, ಬಸ್ ತಪ್ಪತೈತೇನು? ಕುಂದ್ರು. ತೋಳಿಗೂ ಚೂರು ಉಸಿರಾಡಾಕ ಬಿಡು. ನಾ ಒಂದ್ ಕಥಿ ಹೇಳ್ತೀನಿ. ಮುಗಿಯೋತನಕ ಕಂಬಿ ಮುಟ್ಟಂಗಿಲ್ಲ."

ಅದೇ ನಮ್ಮ ಗಡಿಯಾರವಾಯಿತು. ಹಗುರ ಡಂಬೆಲ್ಲಿಗೆ ಚಿಕ್ಕ ಕಥೆ, ಬೆಂಚಿಗೆ ಉದ್ದದ್ದು. ಭಾರ ಹೆಚ್ಚಿಸಿದ ದಿನವಂತೂ ಯಾರದೋ ಮದುವೆ, ಬೀಗರ ಮುನಿಸು, ಊಟದ ಪಂಕ್ತಿಯಲ್ಲಿನ ಜಗಳ ಎಲ್ಲ ಬರುತ್ತಿದ್ದವು. ಶುರು ಮಾತ್ರ ಯಾವಾಗಲೂ ಒಂದೇ: "ಒಂದ್ ಸಲ ಏನಾತಪಾ ಅಂದ್ರ…" ನಡುವಯಸ್ಸಿನ ಇಬ್ಬರು ಅದೇನು ಇಷ್ಟು ನಗುತ್ತಾರೆ ಎಂದು ಸುತ್ತಲಿನವರು ನೋಡುತ್ತಿದ್ದರು.

ಒಂದು ಬೆಳಗ್ಗೆ ಅವನು ಕಚೇರಿಗೆ ಬರಲಿಲ್ಲ. ಬಾಡಿಗೆ ಕೋಣೆಯಲ್ಲಿ ನಿದ್ದೆಯಲ್ಲೇ ಹೃದಯ ನಿಂತುಹೋಗಿತ್ತು. ಕಟ್ಟಡದ ಮೆಟ್ಟಿಲು ಕಿರಿದು, ಸ್ಟ್ರೆಚರ್ ತಿರುಗಲೊಲ್ಲದು. ತಲೆಯ ಕಡೆ ನಾನು ಹಿಡಿದೆ. ಎತ್ತಿ, ವಾಲಿಸಿ, ಮತ್ತೆ ಎತ್ತಿ, ಕೆಳಗಿನ ಆಂಬ್ಯುಲೆನ್ಸಿನವರೆಗೆ ಇಳಿಸಿದರೂ ನನ್ನ ತೋಳು ಒಂದಿಷ್ಟೂ ಸೋಲಲಿಲ್ಲ. ಅವನೇ ಕೂರಿಸಿ ಕೂರಿಸಿ ಬೆಳೆಸಿದ ತೋಳು. ಅದರ ಮೇಲೆ ಆ ದಿನ ನನಗೆ ಹೇಳಲಾಗದಷ್ಟು ಸಿಟ್ಟು ಬಂತು.

ಆಮೇಲೆ ಇಲ್ಲಿ, ತಿರುವನಂತಪುರದಲ್ಲಿ, ಬೆಂಚಿನ ಮೇಲೆ ಕೂತ ಕೂಡಲೇ ಅವನು ಶುರು ಮಾಡುತ್ತಿದ್ದ. ಎಡಗಿವಿಯ ಪಕ್ಕದಲ್ಲೇ, ಸ್ಪಷ್ಟವಾಗಿ: "ಒಂದ್ ಸಲ ಏನಾತಪಾ ಅಂದ್ರ…" ಅಷ್ಟೇ, ಮುಂದೆ ಹೋಗುತ್ತಿರಲಿಲ್ಲ. ನಾನು ಹೆದರಿ ಗಬಕ್ಕನೆ ಕಂಬಿ ಹಿಡಿಯುತ್ತಿದ್ದೆ. ಹಾಗೆಂದು ಜಿಮ್ ಬಿಡಲೂ ಇಲ್ಲ. ಬಿಟ್ಟರೆ ಆ ದನಿಯೂ ಹೋದೀತು ಎಂಬ ಹೆದರಿಕೆ ಇನ್ನೂ ದೊಡ್ಡದಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಕಂಬಿ ನನ್ನ ಎದೆಯ ಮೇಲೇ ಕೂತುಬಿಟ್ಟಿತು. ಮೇಲೆತ್ತಲು ಶಕ್ತಿಯಿಲ್ಲ, ಕೂಗಲು ಉಸಿರಿಲ್ಲ. ಟ್ರೈನರ್ ಓಡಿಬಂದು ಎತ್ತಿದ, ನನ್ನನ್ನು ಎಬ್ಬಿಸಿ ಕೂರಿಸಿ, "ಇವಿಡೆ ಇರಿಕ್ಕ್" ಎಂದು ಗದರಿ ಎದುರಿಗೇ ನಿಂತ. ಗೆಳೆಯನ ದನಿ ಬಂತು. ಏಳಹೋದರೆ ಟ್ರೈನರ್ ಭುಜ ಒತ್ತಿ ಹಿಡಿದ. ಬೇರೆ ದಾರಿ ಕಾಣದೆ ಮುಂದಿನದನ್ನು ನಾನೇ ಹೇಳಿದೆ, ಬಾಯಿಬಿಟ್ಟು, ಗೆಳೆಯನದೇ ಮಾತಿನಲ್ಲಿ.

"ಐಲ್ಯಾಂಡಿಗೆ ಹೋಗೋ ಬೋಟಿನ್ಯಾಗ ನಿದ್ದಿ ಹತ್ತಿತು. ಎಚ್ಚರಾಗಿ ನೋಡ್ತೀನಿ, ಹತ್ತಿದ ಜಾಗಾದಾಗ ಅದೀನಿ. ಬೋಟು ಹೋಗಿ ಹೊಳ್ಳಿ ಬಂದೈತಿ, ನನಗೇನ್ ಗೊತ್ತು? ಇನ್ನೂ ಬಿಟ್ಟಿಲ್ಲ ಅಂತ ಮತ್ತ ಮಲ್ಕೊಂಡೆ. ಮಧ್ಯಾಹ್ನ ಆತು. ಸಾಹೇಬ್ರು ಯಾಕ ತಡ ಅಂದ್ರು. ನೀರಾಗ ಟ್ರಾಫಿಕ್ ರೀ, ಅಂದೆ."

ಅವನು ನಗುವ ಜಾಗದಲ್ಲಿ ನಾನು ನಕ್ಕೆ. ಟ್ರೈನರ್ ಗಾಬರಿಯಾಗಿ ನೀರು ಕೊಟ್ಟ. ಮಲಗಿ ಕಂಬಿ ಹಿಡಿದೆ. ಹೂವೆತ್ತಿದಂತೆ ಮೇಲೆ ಹೋಯಿತು.

ಇಳಿಸಿ, ಎದ್ದು ಕೂತು ಕಾದೆ. ಮುಂದಿನ ಸೆಟ್ಟಿಗೆ ಟ್ರೈನರ್ ಕರೆದಾಗ ಇನ್ನೂ ಸ್ವಲ್ಪ ಎಂದೆ. ಕೆಳಗೆ ಮಂಡಿಯಲ್ಲಿ ಮೂಟೆ ಇಳಿಸುವ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಯಾವ ಸಂಜೆಯೂ ಗೆಳೆಯ ಕಥೆ ಶುರು ಮಾಡಿಲ್ಲ. ಈಗ ಸಾವಧಾನವಾಗಿ ಮಾಡುತ್ತೀರಿ, ತೋಳು ಗಟ್ಟಿಯಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಸೋಲುವ ತೋಳೇ ಬೇಕಾಗಿತ್ತು.