ಎರಡು ಪ್ರಾಟಿಕ್ಲು

ಹೊರಟ ಬಸ್ಸನ್ನು ಓಡಿ ಹಿಡಿಯುವ ಮೇಡಂ ಎಂದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ನನಗೊಂದು ಹೆಸರಿದೆ. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು ಓಡುವುದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳಿಗೆ ಒಪ್ಪುವ ಕೆಲಸವಲ್ಲ. ಎಳನೀರು ಮಾರುವವರು ನಗುತ್ತಾರೆ. ನಗಲಿ. ನಾನು ಓಡುವುದನ್ನು ಕಾಲೇಜಿಗೆ ಹೋಗಿ ಕಲಿತವಳು, ಬಿ.ಎಸ್ಸಿ. ಮಾಡಿದ್ದು ಅದರ ಜೊತೆಗೆ.

ಹೀಗಂದರೆ ಡಿಗ್ರಿಗೆ ಅವಮಾನ. ನಮ್ಮ ವಂಶದಲ್ಲಿ ಡಿಗ್ರಿಯ ಮುಖ ಕಂಡ ಮೊದಲ ಜೀವ ನಾನು. ಅದರ ಜಂಬ ಇನ್ನೂ ಇಳಿದಿಲ್ಲ, ಇಳಿಸುವ ಮನಸ್ಸೂ ಇಲ್ಲ. ತಿಪಟೂರಿನ ಕಾಲೇಜಿನಲ್ಲಿ ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥಮೆಟಿಕ್ಸು. ಮಧ್ಯಾಹ್ನವೆಲ್ಲ ಲ್ಯಾಬು. ಅದು ಮುಗಿದದ್ದೇ ದಾವಣಿಯನ್ನು ಸೊಂಟಕ್ಕೆ ಬಿಗಿದು ಖೋಖೋ ಮೈದಾನಕ್ಕೆ. ಬೆರಳಲ್ಲಿ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ, ಕಾಲಲ್ಲಿ ಕೆಮ್ಮಣ್ಣು. ಊಟವಾದ ಮೇಲೆ ಕ್ಯಾಲ್ಕುಲಸ್ ತೆರೆದರೆ ಕಣ್ಣು ತಾವಾಗಿ ಮುಚ್ಚುತ್ತಿದ್ದವು. ಜಡತ್ವದ ನಿಯಮವನ್ನು ನಾನು ಓದಿ ಕಲಿಯಲಿಲ್ಲ, ಪುಸ್ತಕದ ಮೇಲೆ ತಲೆಯಿಟ್ಟು ಸಾಬೀತು ಮಾಡಿದೆ.

ತಡವಾಗಿ ಬಂದ ದಿನ ಮನೆಯಲ್ಲಿ ಕಾರಣ ಹೇಳಬೇಕಲ್ಲ. ಲ್ಯಾಬಿನದು ಪ್ರಾಕ್ಟಿಕಲ್, ಮೈದಾನದ್ದು ಪ್ರಾಕ್ಟೀಸ್. ಅಪ್ಪ ಅವ್ವನ ಬಾಯಲ್ಲಿ ಎರಡೂ ಸೇರಿ ‘ಪ್ರಾಟಿಕ್ಲು’ ಆದವು. ತಿದ್ದಿ ತಿದ್ದಿ ನಾನೇ ಸೋತೆ.

“ಎಲ್ಡೂ ನಿಮ್ ಕಾಲೇಜಿಂದೇ ಅಲ್ವೇನೇ, ಬುಡು” ಎಂದು ಅವ್ವ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅಪ್ಪನಂತೂ ತೋಟದಲ್ಲಿ ಕಾಯಿ ಕೀಳಲು ಬಂದವರಿಗೆಲ್ಲ, ಮಗಳಿಗೆ ಪ್ರಾಟಿಕ್ಲು ಇದೆ ಎಂದು ತಾಲ್ಲೂಕು ಕಚೇರಿಯಲ್ಲಿ ನೌಕರಿ ಇದೆ ಎನ್ನುವ ಗತ್ತಿನಲ್ಲಿ ಹೇಳುತ್ತಿದ್ದ.

ಕೊನೆಯ ವರ್ಷ ಎರಡೂ ಒಂದೇ ದಿನಕ್ಕೆ ಬಂದು ಬಿದ್ದವು. ಕಾಲೇಜಿನಲ್ಲಿ ಕೆಮಿಸ್ಟ್ರಿಯ ಪ್ರಾಕ್ಟಿಕಲ್ ಪರೀಕ್ಷೆ. ತುಮಕೂರಿನಲ್ಲಿ ಯೂನಿವರ್ಸಿಟಿ ಖೋಖೋ ತಂಡದ ಆಯ್ಕೆ. ಓದು ಮನೆಗಾಗಿ ಎಂದುಕೊಂಡಿದ್ದೆ. ನನಗಾಗಿ ಆಸೆಪಟ್ಟದ್ದು ಆ ತಂಡವೊಂದನ್ನೇ. ಕೆಮಿಸ್ಟ್ರಿ ಮೇಷ್ಟ್ರು ಒಳ್ಳೆಯವರು. ಮನೆಯ ಹಿರಿಯರು ಬಂದು ಕೇಳಿದರೆ ಮರುದಿನದ ಬ್ಯಾಚಿಗೆ ಹಾಕುತ್ತೇನೆ ಎಂದರು. ಅಪ್ಪನನ್ನು ಕೇಳುವ ಧೈರ್ಯವಾಗಲಿಲ್ಲ. ಅವ್ವನ ಕಿವಿಗೆ ಹಾಕಿ ಸುಮ್ಮನಾದೆ.

ಆ ವಾರವೇ ಮೇಷ್ಟ್ರು ಕರೆದರು. “ನಿಮ್ಮ ತಂದೆ ಬಂದಿದ್ರಮ್ಮ. ಏನೇ ಆಗ್ಲಿ, ಪ್ರಾಕ್ಟಿಕಲ್ ಮಾತ್ರ ತಪ್ಪಿಸ್ಬೇಡಿ ಸ್ವಾಮಿ ಅಂತ ಕೈಮುಗಿದ್ರು. ಅದಕ್ಕೇ ಬ್ಯಾಚು ಬದಲಾಯಿಸ್ಲಿಲ್ಲ.”

ಅಪ್ಪನಿಗೆ ಆಟ ಬೇಡವಾಗಿದೆ ಎಂದುಕೊಂಡೆ. ಹೆಣ್ಣುಮಗಳನ್ನು ಇಷ್ಟು ದೂರ ಓದಿಸುತ್ತಿರುವವನ ಎದುರು ಏನೆಂದು ವಾದಿಸುವುದು?

ಪರೀಕ್ಷೆಯ ದಿನ ಬ್ಯೂರೆಟ್ಟಿನಿಂದ ತೊಟ್ಟು ತೊಟ್ಟಾಗಿ ಇಳಿಯುವ ದ್ರಾವಣವನ್ನು ನೋಡುತ್ತ, ತುಮಕೂರಿನಲ್ಲಿ ಈಗ ಯಾರ ಹೆಸರು ಕೂಗುತ್ತಿದ್ದಾರೋ ಎಂದುಕೊಳ್ಳುತ್ತಿದ್ದೆ. ಖೋಖೋದಲ್ಲಿ ಒಂದು ನಿಯಮವಿದೆ. ಅಟ್ಟಿಸಿಕೊಂಡು ಹೊರಟವಳು ಒಂದು ದಿಕ್ಕು ಹಿಡಿದಳೆಂದರೆ ಕಂಬ ದಾಟುವ ತನಕ ತಿರುಗುವಂತಿಲ್ಲ. ತಾನು ಹಿಡಿಯಬೇಕಾದವಳು ಬೆನ್ನ ಹಿಂದೆಯೇ ನಿಂತಿದ್ದರೂ ಸರಿ. ಇಷ್ಟು ಕಲ್ಲುಮನಸ್ಸಿನ ನಿಯಮ ಫಿಸಿಕ್ಸಿನಲ್ಲೂ ನನಗೆ ಕಂಡಿಲ್ಲ.

ಸಂಜೆ ಬಸ್ಸು ಇಳಿದರೆ ಅಪ್ಪ ಕಾಯುತ್ತ ನಿಂತಿದ್ದ. “ಪ್ರಾಟಿಕ್ಲು ಚೆಂದಾಗಾಯ್ತಾ ಮಗ?” ಎಂದ. ಆಯ್ತು ಎಂದೆ. ಅವನ ಮುಖ ಅರಳಿದ್ದು ಕಂಡು ನನಗೆ ಇನ್ನಷ್ಟು ಉರಿಯಿತು. ಬಹಳ ದಿನ ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಫಸ್ಟ್ ಕ್ಲಾಸ್ ಬಂತು. ಕೆಲಸವೂ ಸಿಕ್ಕಿತು. ಹೋದ ವರ್ಷ ಅಪ್ಪ ತೀರಿಕೊಂಡ.

ಮೊನ್ನೆ ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಬಿಡಿಸುತ್ತ ಕೂತಾಗ ಅವ್ವ ಅವನ ಮಾತು ತೆಗೆದಳು. “ನೀನು ಓಡೋದ್ನ ಒಂದ್ಸಲ ನೋಡಿದ್ರು ಕಣೇ ನಿಮ್ಮಪ್ಪ. ತಿಪಟೂರು ಮಂಡಿಗೆ ಕೊಬ್ರಿ ಹಾಕಕ್ಕೋದಾಗ ಕಾಲೇಜಿನ ಬೇಲಿತಾವ ನಿಂತ್ಕಂಡು. ನಮ್ಮುಡ್ಗಿ ಕಾಲು ನೆಲಕ್ಕೇ ತಾಕಲ್ಲ ಅಂತ ಬಂದು ಉಣ್ಣೋದೂ ಮರೆತ್ರು. ಅದುಕ್ಕೇ ಅಲ್ವಾ, ಆ ತುಮಕೂರಿನ ಪ್ರಾಟಿಕ್ಲು ತಪ್ಪಬಾರ್ದು ಅಂತ ಮೇಷ್ಟ್ರ ಕೇಳಕ್ಕೋಗಿದ್ದು.”

ಅಪ್ಪ ಕೇಳಿದ್ದು ಓಟವನ್ನು. ಮೇಷ್ಟ್ರಿಗೆ ಕೇಳಿಸಿದ್ದು ಪರೀಕ್ಷೆ. ಇಬ್ಬರೂ ನನ್ನ ಒಳ್ಳೆಯದನ್ನೇ ಬಯಸಿ, ಒಬ್ಬರಿಗೊಬ್ಬರು ಕೈಮುಗಿದು ಹೊರಟಿದ್ದಾರೆ.

“ಅವತ್ತು ತುಮಕೂರಲ್ಲಿ ಮಗಳು ಹೆಂಗೋಡಿದ್ಲು ಅಂತ ಸಾಯೋಗಂಟ ಎಲ್ರತಾವೂ ಹೇಳೋರು” ಎಂದ ಅವ್ವ ನನ್ನತ್ತ ತಿರುಗಿದಳು. “ಚೆನ್ನಾಗ್ ಓಡಿದ್ಯಲ್ವಾ?”

“ಹೂಂ ಕಣವ್ವ.”

ಪೂರಾ ಸುಳ್ಳೇನಲ್ಲ. ಅಪ್ಪನ ಬಾಯಿಂದ ನಮ್ಮೂರಿನವರೆಲ್ಲ ಆ ಓಟವನ್ನು ನೋಡಿದ್ದಾರೆ. ನೋಡದೆ ಉಳಿದವಳು ನಾನೊಬ್ಬಳೇ.